ಇಳಿಜಾರು ಹೊಲಕ್ಕೆ ಸಮನಾಗಿ ನೀರು ಹಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲು, ಪಟ್ಟಿ, ಮಡಿಗಳಲ್ಲಿ ನೆಲದ ಮೇಲೆ ನೀರು ಹರಿಸಿ ಬೆಳೆ ತೆಗೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದವು ಮೊದಲು, ಲೆಕ್ಕಾಚಾರ ಬೇಡುವವು ಕೊನೆಗೆ. ಎಲ್ಲ ಕಡೆಯೂ 'ತಲೆ' ಎಂದರೆ ನೀರು ಬಿಡುವ ಜಾಗ, 'ಕೊನೆ' ಎಂದರೆ ಇಳಿಜಾರಿನ ಕೆಳತುದಿ. 'ಸಾಲು' ಎಂದರೆ ಎರಡು ಬೋದುಗಳ (ಮಣ್ಣಿನ ಏರಿಗಳ) ನಡುವಿನ ಕಿರುಗಾಲುವೆ, 'ಪಟ್ಟಿ' ಎಂದರೆ ಎರಡೂ ಮಗ್ಗುಲಿಗೆ ಬದು ಕಟ್ಟಿದ ಉದ್ದನೆಯ ಇಳಿಜಾರು ನೆಲ, 'ಮಡಿ' ಎಂದರೆ ಸುತ್ತ ಬದು ಕಟ್ಟಿದ ಸಮತಟ್ಟು ತುಂಡು.

## ಮೊದಲು ತಿಳಿಯಬೇಕಾದದ್ದು

ಹೊಲ ಪೂರ್ತಿ ನೆನೆದು ಕಪ್ಪಗಾಗಿದೆ. ಆದರೂ ನೀರು ಸಮನಾಗಿ ಹೋಗಿಲ್ಲ ಅಂತೀರಲ್ಲ, ಅದು ಹೇಗೆ?

ನೀರು ಹಾದು ಐದು ನಿಮಿಷಕ್ಕೆಲ್ಲ ಮೇಲ್ಮಣ್ಣು ಕಪ್ಪಾಗುತ್ತದೆ. ಬೇರಿನ ಆಳಕ್ಕೆ ಎಷ್ಟು ಇಳಿಯಿತು ಎಂಬುದು ಬೇರೆಯೇ ಮಾತು. ಅದನ್ನು ತೀರ್ಮಾನಿಸುವುದು ಆ ಜಾಗದಲ್ಲಿ ನೀರು ಎಷ್ಟು ಹೊತ್ತು ನಿಂತಿತ್ತು ಎಂಬುದು. ತಲೆಯಲ್ಲಿ ನೀರು ಬಿಟ್ಟ ಗಳಿಗೆಯಿಂದಲೇ ಇಂಗುವುದು ಶುರುವಾಗುತ್ತದೆ. ಕೊನೆಯ ಮಣ್ಣಿಗೆ ಒಂದು ಗಂಟೆ ತಡವಾಗಿ ನೀರು ತಲುಪಿದರೆ ಆ ಒಂದು ಗಂಟೆ ಅದಕ್ಕೆ ನಷ್ಟ. ನೀರು ನಿಲ್ಲಿಸಿದಾಗ ಮೊದಲು ಬಸಿಯುವುದು ತಲೆಭಾಗ, ಆಮೇಲೆ ಕೊನೆ. ಹೀಗಾಗಿ ಕಳೆದುಕೊಂಡ ಹೊತ್ತಿನಲ್ಲಿ ಸ್ವಲ್ಪ ಭಾಗ ಕೊನೆಗೆ ಮರಳಿ ಸಿಗುತ್ತದೆ. ಅಗಲ ಪಟ್ಟಿಗಳಲ್ಲಿ ಈ ಮರಳಿಕೆ ಚೆನ್ನಾಗಿಯೇ ಇರುತ್ತದೆ. ಇಳಿಜಾರಿನ ಸಾಲುಗಳಲ್ಲಿ ನೀರು ಬೇಗ ಬಸಿದುಬಿಡುವುದರಿಂದ ಕಡಿಮೆ.

ಪ್ರತಿ ಜಾಗದಲ್ಲೂ ನೀರು ನಿಂತ ಹೊತ್ತನ್ನು ಆದಷ್ಟು ಸಮ ಮಾಡುವುದೇ ಈ ಇಡೀ ಕೆಲಸ. ಮುಂದಿನ ಉತ್ತರಗಳೆಲ್ಲ ಅದಕ್ಕೆ ದಾರಿಗಳು.

ಇಳಿಜಾರು ಎಷ್ಟಿದ್ದರೆ ಒಳ್ಳೆಯದು? ಪೂರ್ತಿ ಸಮತಟ್ಟು ಮಾಡಿಬಿಡಲಾ?

ಸಾಲಿಗೆ 100 ಮೀಟರಿಗೆ 5 ಸೆಂ.ಮೀ. ಇಳಿತ (ಶೇ. 0.05) ಕನಿಷ್ಠ ಬೇಕು. ಅದಕ್ಕಿಂತ ಕಡಿಮೆಯಾದರೆ ಮಳೆ ನೀರೂ ಬಸಿಯದೆ ನಿಲ್ಲುತ್ತದೆ. ಶೇ. 0.2ರಿಂದ 0.5ರವರೆಗೆ ಕೆಲಸ ಸಲೀಸು. 0.5 ದಾಟಿದರೆ ಇಳಿಜಾರಿಗೆ ನೇರವಾಗಿ ಸಾಲು ಹೊಡೆಯಬೇಡಿ, ಓರೆಯಾಗಿ ಹೊಡೆಯಿರಿ. ಹೊಲದ ಇಳಿಜಾರು ಶೇ. 1.5 ಇದ್ದರೂ, 10 ಮೀಟರಿಗೆ 4 ಸೆಂ.ಮೀ. ಮಾತ್ರ ಇಳಿಯುವ ಬಿಂದುಗಳನ್ನು ಹುಡುಕಿ ಗೂಟ ಹೊಡೆಯುತ್ತ ಹೋದರೆ ಆ ಗೂಟಗಳ ಗೆರೆಯೇ ನಿಮ್ಮ ಸಾಲು. ಓರೆ ಸಾಲಿನಲ್ಲಿ ಬೋದು ಗಟ್ಟಿಯಾಗಿರಲೇಬೇಕು. ಮೇಲಿನ ಒಂದು ಬೋದು ಒಡೆದರೆ ಆ ನೀರು ಕೆಳಗಿನ ಸಾಲನ್ನೂ ತುಂಬಿ, ಅದನ್ನೂ ಒಡೆದು, ಒಂದರ ಹಿಂದೆ ಒಂದು ಕಿತ್ತುಕೊಂಡು ಹೋಗುತ್ತದೆ.

ಪೂರ್ತಿ ಸಮತಟ್ಟು ಒಳ್ಳೆಯದೇ, ಆದರೆ ಅದು ಮಡಿಗೆ. ಮಡಿಯನ್ನು ಬೇಗ ತುಂಬಿಸುವಷ್ಟು ದೊಡ್ಡ ಹರಿವು ನಿಮ್ಮಲ್ಲಿರಬೇಕು. ಸಣ್ಣ ಹರಿವಿಗೆ ಸಮತಟ್ಟು ನೆಲ ಸಿಕ್ಕರೆ ನೀರು ತಲೆಯಲ್ಲೇ ಇಂಗುತ್ತ ಕೂರುತ್ತದೆ.

ಸರ್ವೆಯವರನ್ನು ಕರೆಸದೆ ಇಳಿಜಾರು ಅಳೆಯಬಹುದಾ?

ಬಹುದು. 12 ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಗುಳ್ಳೆ ಒಂದೂ ಉಳಿಯದಂತೆ ನೋಡಿ. ಎರಡು ತುದಿಗಳನ್ನು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ. ಕೋಲುಗಳನ್ನು 10 ಮೀಟರ್ ದೂರದಲ್ಲಿ ನೆಟ್ಟಗೆ ನಿಲ್ಲಿಸಿದಾಗ ತಗ್ಗಿನ ಕಡೆಯ ಕೋಲಿನಲ್ಲಿ ನೀರು ಮೇಲಿನ ಗುರುತಿಗೆ ಕಾಣುತ್ತದೆ. ವ್ಯತ್ಯಾಸ 3 ಸೆಂ.ಮೀ. ಇದ್ದರೆ ಇಳಿಜಾರು ಶೇ. 0.3. ಸಾಲಿನುದ್ದಕ್ಕೂ ಹತ್ತು ಹತ್ತು ಮೀಟರಿಗೆ ಹೀಗೆ ಅಳೆದು ಪ್ರತಿಯೊಂದನ್ನೂ ಬರೆದಿಡಿ, ಸರಾಸರಿಯೊಂದನ್ನೇ ನಂಬಬೇಡಿ. ಸರಾಸರಿ ಶೇ. 0.3 ಬಂದ ಹೊಲದಲ್ಲೇ ನಡುವೆ 20 ಮೀಟರ್ ಎದುರೇರು ಇರಬಹುದು. ನೀರು ಅಲ್ಲಿ ಕುಂಟೆ ಕಟ್ಟಿಕೊಂಡು ನಿಲ್ಲುತ್ತದೆ.

ಸಾಲು, ಪಟ್ಟಿ, ಮಡಿ: ಇವುಗಳಲ್ಲಿ ಯಾವುದು ಹೆಚ್ಚು ಸಮ?

ಚೆನ್ನಾಗಿ ಮಟ್ಟ ಮಾಡಿದ ಮಡಿ. ಇಳಿಜಾರನ್ನು ಹಾಗೇ ಉಳಿಸಿಕೊಳ್ಳಬೇಕೆಂದರೆ ಸಾಲು ಬೆಳೆಗೆ ಸಾಲು, ಚೆಲ್ಲಿ ಬಿತ್ತುವ ಬೆಳೆಗೆ ಮತ್ತು ಮೇವಿಗೆ ಪಟ್ಟಿ.

## ಅಳತೆ

ಸಮನಾಗಿ ಹೋಗಿದೆಯಾ ಇಲ್ಲವಾ ಅಂತ ಕಂಡುಹಿಡಿಯೋದು ಹೇಗೆ?

ಗೂಟ, ಗಡಿಯಾರ, ನೋಟ್‌ಬುಕ್, ಒಂದು ಕಬ್ಬಿಣದ ಸರಳು ಸಾಕು.

ಹೊಲದ ನಡುಭಾಗದ ಮೂರು ಸಾಲುಗಳನ್ನು ಆರಿಸಿಕೊಳ್ಳಿ. ಅಂಚಿನ ಸಾಲು ಬೇಡ, ಅದರ ನಡವಳಿಕೆ ಬೇರೆ. ತಲೆಯಿಂದ ಪ್ರತಿ 10 ಮೀಟರಿಗೆ ಒಂದು ಗೂಟ ಹೊಡೆಯಿರಿ. ನೀರಿನ ಮೂತಿ ಪ್ರತಿ ಗೂಟ ಮುಟ್ಟಿದ ಸಮಯ ಬರೆಯಿರಿ. ನೀರು ನಿಲ್ಲಿಸಿದ ಮೇಲೆ ಪ್ರತಿ ಗೂಟದ ಬಳಿ ನಿಂತ ನೀರು ಮಾಯವಾದ ಸಮಯವನ್ನೂ ಬರೆಯಿರಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಆ ಜಾಗದಲ್ಲಿ ನೀರು ನಿಂತ ಹೊತ್ತು ಸಿಗುತ್ತದೆ. 'ಮಾಯವಾಯಿತು' ಎನ್ನಲು ಒಂದು ನಿಯಮ ಇಟ್ಟುಕೊಳ್ಳಿ: ಸಾಲಿನ ತಳದಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣು ತೆರೆದುಕೊಂಡರೆ ಮಾಯವಾದಂತೆ. ಪ್ರತಿ ಗೂಟಕ್ಕೂ ಅದೇ ನಿಯಮ.

ಹೊತ್ತನ್ನು ಮಿಲಿಮೀಟರಿಗೆ ತಿರುಗಿಸಲು ಒಂದು ಅಂದಾಜು ದಾರಿ ಇದೆ. ಮಣ್ಣು ಮೊದಮೊದಲು ಬೇಗ ಕುಡಿಯುತ್ತದೆ, ಬರಬರುತ್ತ ನಿಧಾನವಾಗುತ್ತದೆ. ಬಹುಪಾಲು ಗೋಡು ಮಣ್ಣುಗಳಲ್ಲಿ (ಮರಳು, ಜೇಡಿ ಹದವಾಗಿ ಬೆರೆತ ಮಣ್ಣು) ಇಂಗಿದ ಆಳ ಹೊತ್ತಿನ ವರ್ಗಮೂಲಕ್ಕೆ ಹತ್ತಿರ ಹತ್ತಿರ ಹೊಂದುತ್ತದೆ. ಹಾಗಾಗಿ ಪ್ರತಿ ಗೂಟದ ನಿಮಿಷಗಳ ವರ್ಗಮೂಲ ತೆಗೆಯಿರಿ. ಸಾಲಿಗೆ ಬಿಟ್ಟ ಒಟ್ಟು ಲೀಟರ್‌ನಿಂದ ಹೊರಗೆ ಹರಿದದ್ದನ್ನು ಕಳೆದು, ಸಾಲಿನ ವಿಸ್ತೀರ್ಣದಿಂದ (ಉದ್ದ × ಸಾಲಿಂದ ಸಾಲಿಗೆ ಅಂತರ, ಚದರ ಮೀಟರ್‌ನಲ್ಲಿ) ಭಾಗಿಸಿದರೆ ಸರಾಸರಿ ಮಿ.ಮೀ. ಬರುತ್ತದೆ. ವರ್ಗಮೂಲಗಳ ಸರಾಸರಿ ಈ ಸಂಖ್ಯೆಗೆ ಸಮವಾಗುವಂತೆ ಎಲ್ಲವನ್ನೂ ಒಂದೇ ಗುಣಕದಿಂದ ಹೆಚ್ಚಿಸಿ ಅಥವಾ ತಗ್ಗಿಸಿ.

ಸರಳು ಇದನ್ನು ತಾಳೆ ನೋಡಲು. 8ರಿಂದ 10 ಮಿ.ಮೀ. ದಪ್ಪ, ಒಂದು ಮೀಟರಿಗಿಂತ ತುಸು ಉದ್ದ, ಮೇಲೆ ಅಡ್ಡ ಹಿಡಿ. ಗೋಡು ಮಣ್ಣಿನಲ್ಲಿ ಒಂದೆರಡು ದಿನ, ಜೇಡಿಯಲ್ಲಿ ಎರಡು ಮೂರು ದಿನ ಬಿಟ್ಟು ಚುಚ್ಚಿ. ನೆನೆದಷ್ಟು ಆಳ ಸರಾಗವಾಗಿ ಇಳಿದು ಒಣ ಪದರಕ್ಕೆ ಬಂದೊಡನೆ ತಡೆಯುತ್ತದೆ. ಕೆಳಗಿನ ಪದರ ಹಿಂದಿನ ನೀರಿನಿಂದಲೇ ಹಸಿಯಾಗಿದ್ದರೆ ಸರಳು ಎಲ್ಲೆಡೆ ಒಂದೇ ಸಮ ಇಳಿದು ಮೋಸ ಮಾಡುತ್ತದೆ. ಆಗ ಬೈರಿಗೆಯಿಂದ ಮಣ್ಣು ತೆಗೆದು ಕೈಯಲ್ಲಿ ಹಿಸುಕಿ ನೋಡಬೇಕು.

'ಸಮಾನತೆ ಶೇ. 72' ಅಂದರೆ ಏನು? ಒಳ್ಳೆಯದಾ ಕೆಟ್ಟದ್ದಾ?

ಅತಿ ಕಡಿಮೆ ನೀರು ಸಿಕ್ಕ ಕಾಲು ಭಾಗದ ಸರಾಸರಿಯನ್ನು ಇಡೀ ಹೊಲದ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಈ ಅಂಕಿ. ಎಂಟು ಜಾಗಗಳಲ್ಲಿ 82, 78, 74, 70, 64, 58, 50, 44 ಮಿ.ಮೀ. ಇಂಗಿದೆ ಎನ್ನಿ. ಸರಾಸರಿ 65. ಕೊನೆಯ ಎರಡರ ಸರಾಸರಿ 47. ಹಾಗಾಗಿ ಸಮಾನತೆ ಸುಮಾರು 72.

ಇದರ ಬೆಲೆ ನೋಡಿ. ಬೆಳೆಗೆ 60 ಮಿ.ಮೀ. ಬೇಕು, ಕಡಿಮೆ ಸಿಗುವ ಕಾಲು ಭಾಗಕ್ಕೂ ಅಷ್ಟು ಸಿಗಲಿ ಎಂದರೆ ಸರಾಸರಿ 83 ಮಿ.ಮೀ. ಕೊಡಬೇಕಾಗುತ್ತದೆ. ಹೆಚ್ಚುವರಿ 23 ಮಿ.ಮೀ. ಎಂದರೆ ಎಕರೆಗೆ ಸುಮಾರು 93,000 ಲೀಟರ್, ಒಂದೇ ಸರದಿಗೆ. ಅದರ ಬಹುಪಾಲು ತಲೆಭಾಗದ ಬೇರುಗಳ ಕೆಳಗೆ ಇಳಿದು, ಜೊತೆಗೆ ಸಾರಜನಕವನ್ನೂ ಕೊಂಡೊಯ್ಯುತ್ತದೆ. ನಮ್ಮ ದೃಷ್ಟಿಯಲ್ಲಿ ಇಳಿಜಾರಿನ ಸಾಲು, ಪಟ್ಟಿಗಳಲ್ಲಿ 80 ದಾಟಿದರೆ ಚೆನ್ನ, 70ರ ಕೆಳಗಿದ್ದರೆ ಬೇರೆ ಖರ್ಚಿಗೆ ಮೊದಲು ಇದನ್ನು ಸರಿಪಡಿಸಬೇಕು.

ಒಂದು ಸಾಲಿಗೆ ಎಷ್ಟು ನೀರು ಹೋಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಪೈಪಿನಿಂದ ಬರುವುದಾದರೆ ಬಕೆಟ್ ಸಾಕು: 10 ಲೀಟರ್ ಬಕೆಟ್ 8 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 1.25 ಲೀಟರ್. ಮೂರು ಸಲ ಅಳೆದು ಸರಾಸರಿ ಹಿಡಿಯಿರಿ.

ಸಾಲಿನಲ್ಲೇ ಅಳೆಯಬೇಕೆಂದರೆ ತಗಡಿನಲ್ಲಿ 90 ಡಿಗ್ರಿಯ 'ವಿ' ಆಕಾರದ ಕಚ್ಚು ಕೊಯ್ದು ಸಾಲಿಗೆ ಅಡ್ಡಲಾಗಿ ನೆಡಿ. ಕಚ್ಚಿನ ತಳದಿಂದ ನೀರಿನ ಮಟ್ಟ 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 8 ಇದ್ದರೆ 2.5, 10 ಇದ್ದರೆ 4.4. ಮಟ್ಟವನ್ನು ಕಚ್ಚಿನ ಬಾಯಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿದಿರುತ್ತದೆ. ಅರ್ಧ ಮೀಟರ್ ಹಿಂದೆ ಅಳೆಯಿರಿ. ಕೆಳಗೆ ಬೀಳುವ ನೀರು ಕಚ್ಚಿನ ತಳಕ್ಕಿಂತ ತಗ್ಗಿನಲ್ಲಿ ಹರಿಯಬೇಕು, ಇಲ್ಲವಾದರೆ ಅಳತೆ ಸುಳ್ಳಾಗುತ್ತದೆ. ಬಲು ಕಡಿಮೆ ಇಳಿಜಾರಿನ ಸಾಲಿನಲ್ಲಿ ಇದೇ ತೊಡಕು.

## ಸರಿಪಡಿಸುವುದು

ತಲೆಯಲ್ಲಿ ಕೆಸರು, ಕೊನೆಯಲ್ಲಿ ಬಾಡಿದ ಗಿಡ. ಇನ್ನೂ ಹೆಚ್ಚು ಹೊತ್ತು ನೀರು ಬಿಡಲಾ?

ಹೊತ್ತು ಹೆಚ್ಚಿಸುವುದು ಎಲ್ಲರ ಮೊದಲ ಯೋಚನೆ. ಕೊನೆಗೆ ಅದರಿಂದ ಒಂದಿಷ್ಟು ಸಿಗುತ್ತದೆ, ತಲೆಗೆ ಬೇಡದ್ದೂ ಅಷ್ಟೇ ಹೋಗುತ್ತದೆ. ಬದಲಿಗೆ ನೀರು ಬೇಗ ಕೊನೆ ಮುಟ್ಟುವಂತೆ ಮಾಡಿ.

ಕೆಲಸಕ್ಕೆ ಬರುವ ಹಳೆಯ ನಿಯಮವೊಂದಿದೆ. ಬೇಕಾದ ಆಳ ಇಂಗಲು ಎಷ್ಟು ಹೊತ್ತು ಬೇಕೋ ಅದರ ಕಾಲು ಭಾಗದೊಳಗೆ ನೀರು ಕೊನೆ ತಲುಪಬೇಕು. ಯಾಕೆ ಎಂಬುದನ್ನು ಅಂಕಿಯಲ್ಲಿ ನೋಡಿ. ನಿಮ್ಮ ಮಣ್ಣಿನಲ್ಲಿ 225 ನಿಮಿಷಕ್ಕೆ 60 ಮಿ.ಮೀ. ಇಂಗುತ್ತದೆ ಎನ್ನೋಣ. ನೀರು 56 ನಿಮಿಷಕ್ಕೆ ಕೊನೆ ಮುಟ್ಟಿ, ಅಲ್ಲಿ 225 ನಿಮಿಷ ನಿಂತರೆ ತಲೆಯಲ್ಲಿ ನಿಂತದ್ದು 281 ನಿಮಿಷ. ವರ್ಗಮೂಲದ ಲೆಕ್ಕದಲ್ಲಿ ತಲೆಯಲ್ಲಿ ಇಂಗುವುದು 67 ಮಿ.ಮೀ., ಏಳೇ ಮಿ.ಮೀ. ಹೆಚ್ಚು. ಅದೇ ನೀರು ಕೊನೆ ಮುಟ್ಟಲು 225 ನಿಮಿಷ ತೆಗೆದುಕೊಂಡರೆ ತಲೆಯಲ್ಲಿ 450 ನಿಮಿಷ, ಸುಮಾರು 85 ಮಿ.ಮೀ. ಅಂದರೆ 25 ಮಿ.ಮೀ. ಹೆಚ್ಚು.

ಬೇಗ ಮುಟ್ಟಿಸಲು ಮೊದಲ ದಾರಿ ಒಮ್ಮೆಗೆ ಕಡಿಮೆ ಸಾಲುಗಳಿಗೆ ನೀರು ಬಿಡುವುದು. ಹತ್ತು ಸಾಲಿಗೆ ಹಂಚಿಹೋಗುತ್ತಿದ್ದ ಹರಿವನ್ನು ಐದಕ್ಕೆ ಕೊಟ್ಟರೆ ಖರ್ಚಿಲ್ಲದೆ ಪ್ರತಿ ಸಾಲಿನ ಹರಿವು ಇಮ್ಮಡಿಯಾಗುತ್ತದೆ. ಅದೂ ಸಾಲದಿದ್ದರೆ ಸಾಲಿನ ಉದ್ದ ಕಡಿಮೆ ಮಾಡಿ: ನಡುವೆ ಅಡ್ಡಲಾಗಿ ಇನ್ನೊಂದು ಹೊಲಗಾಲುವೆ ಅಥವಾ ಪೈಪ್ ಹಾಕಿ. ನೀರು ಮುಂದೆ ಹೋದಷ್ಟೂ ನಿಧಾನವಾಗುವುದರಿಂದ ಉದ್ದವನ್ನು ಅರ್ಧ ಮಾಡಿದರೆ ಮುಟ್ಟುವ ಸಮಯ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಸಾಲಿನೊಳಗಿನ ಕಳೆ, ಹೆಂಟೆ ತೆಗೆದು ತಳ ನುಣುಪು ಮಾಡುವುದೂ ಲೆಕ್ಕಕ್ಕೆ ಬರುತ್ತದೆ.

ಜೋರಾಗಿ ಬಿಟ್ಟರೆ ಮಣ್ಣು ಕೊಚ್ಚಿಹೋಗುತ್ತೆ. ಮಿತಿ ಎಷ್ಟು?

0.6ನ್ನು ಶೇಕಡಾ ಇಳಿಜಾರಿನಿಂದ ಭಾಗಿಸಿ. ಬರುವುದು ಒಂದು ಸಾಲಿಗೆ ಸೆಕೆಂಡಿಗೆ ಗರಿಷ್ಠ ಲೀಟರ್. ಶೇ. 0.2 ಇಳಿಜಾರಿಗೆ 3, 0.3ಕ್ಕೆ 2, 0.5ಕ್ಕೆ 1.2. ಇದು ಅಂದಾಜು ಮಾತ್ರ. ಆಗಷ್ಟೇ ಉತ್ತ ಸಡಿಲ ಮಣ್ಣು ಇದಕ್ಕಿಂತ ಕಡಿಮೆಗೇ ಕದಲುತ್ತದೆ. ಇಳಿಜಾರು ತೀರ ಕಡಿಮೆ ಇದ್ದಾಗ ಕೊಚ್ಚುವ ಮೊದಲೇ ಬೋದು ತುಂಬಿ ಹೊರಳುತ್ತದೆ, ಆಗ ಸಾಲಿನ ಗಾತ್ರವೇ ಮಿತಿ. ಸಾಲಿನ ಮೊದಲ 20 ಮೀಟರ್ ಗಮನಿಸಿ. ತಳ ಕಿತ್ತು ಮೆಟ್ಟಿಲಾಗಿದ್ದರೆ, ಕೊನೆಯಲ್ಲಿ ಮೆತ್ತನೆ ಹೂಳು ಕೂತಿದ್ದರೆ ಹರಿವು ತಗ್ಗಿಸಿ.

ನೀರು ಕೊನೆ ತಲುಪಿದ ಮೇಲೂ ಬಿಡುತ್ತಲೇ ಇರಬೇಕಾ?

ಸಾಲಿಗೂ ಪಟ್ಟಿಗೂ ಉತ್ತರ ಬೇರೆ.

ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲೇ ನಿಲ್ಲಿಸಬೇಕು. ನೆಲದ ಮೇಲಿರುವ ನೀರು ತಾನಾಗಿ ಇಳಿಜಾರಿಗೆ ಸರಿದು ಉಳಿದ ಜಾಗ ಮುಚ್ಚುತ್ತದೆ. ಜೇಡಿ ಮಣ್ಣಿನಲ್ಲಿ ಪಟ್ಟಿಯ ಶೇ. 60 ನೆನೆದಾಗ, ಗೋಡು ಮಣ್ಣಿನಲ್ಲಿ ಶೇ. 70ರಿಂದ 80 ನೆನೆದಾಗ ನಿಲ್ಲಿಸುವುದು ರೂಢಿ. ಮರಳು ಮಣ್ಣಿನಲ್ಲಿ ಪೂರ್ತಿ ಕೊನೆ ಮುಟ್ಟಿದ ಮೇಲೇ ನಿಲ್ಲಿಸಬೇಕು, ಅಲ್ಲಿ ಮೇಲಿನ ನೀರು ಮುಂದೆ ಸರಿಯುವ ಮೊದಲೇ ಇಂಗಿಬಿಡುತ್ತದೆ. ನಿಮ್ಮ ಹೊಲದ ನಿಖರ ಗುರುತನ್ನು ಎರಡು ಮೂರು ಸರದಿಗಳಲ್ಲಿ ಕಂಡುಕೊಂಡು ಅಲ್ಲಿ ಶಾಶ್ವತ ಗೂಟ ನೆಟ್ಟುಬಿಡಿ. ನೀರು ಹಾಯಿಸುವವರು ಬದಲಾದರೂ ಗುರುತು ಉಳಿಯುತ್ತದೆ.

ಸಾಲಿನಲ್ಲಿ ಬೇಕಾದ ಆಳ ಇಂಗುವವರೆಗೂ ಹರಿವು ಬೇಕು, ಆದರೆ ಅದೇ ಜೋರಿನಲ್ಲಿ ಬೇಡ. ಕೊನೆ ಬೇಗ ಮುಟ್ಟಿಸಲು ಬಿಟ್ಟ ದೊಡ್ಡ ಹರಿವನ್ನು ಹಾಗೇ ಮುಂದುವರಿಸಿದರೆ ಬಿಟ್ಟ ನೀರಿನಲ್ಲಿ ಅರ್ಧದಷ್ಟು ಹೊರಗೆ ಹರಿದರೂ ಆಶ್ಚರ್ಯವಿಲ್ಲ. ಕೊನೆಯಿಂದ ನೀರು ಹೊರಬಿದ್ದು ಸ್ವಲ್ಪ ಹೊತ್ತಾದ ಮೇಲೆ ಹರಿವನ್ನು ಸುಮಾರು ಅರ್ಧಕ್ಕೆ ಇಳಿಸಿ. ಇಳಿಸಿದ ಮೇಲೆ ಕೊನೆಯ ಕೆಲವು ಮೀಟರ್ ಒಣಗತೊಡಗಿದರೆ ಅವಸರ ಮಾಡಿದಿರಿ ಎಂದರ್ಥ, ಸ್ವಲ್ಪ ಏರಿಸಿ. ಉಳಿಸಿದ ನೀರನ್ನು ಪಕ್ಕದ ಹೊಸ ಸಾಲುಗಳಿಗೆ ತಿರುಗಿಸಬಹುದು.

ಕೊನೆಯಲ್ಲಿ ಬದು ಕಟ್ಟಿಬಿಟ್ಟರೆ ನೀರೇ ಪೋಲಾಗಲ್ಲ ಅಲ್ವಾ?

ಹೊರಗೆ ಹರಿಯುವುದಿಲ್ಲ, ನಿಜ. ಆದರೆ ಬದುವಿನ ಹಿಂದೆ ನಿಂತ ನೀರು ಎಲ್ಲಿಯವರೆಗೆ ಹಿಂದಕ್ಕೆ ಬರುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಬದುವಿನ ಬಳಿ 10 ಸೆಂ.ಮೀ. ನೀರು ನಿಂತರೆ ಶೇ. 0.1 ಇಳಿಜಾರಿನಲ್ಲಿ ಅದು 100 ಮೀಟರ್ ಹಿಂದಕ್ಕೆ ಹರಡುತ್ತದೆ, 0.3ರಲ್ಲಿ 33 ಮೀಟರ್, 0.5ರಲ್ಲಿ 20 ಮೀಟರ್ ಮಾತ್ರ. ಇಳಿಜಾರು ಹೆಚ್ಚಾದಷ್ಟೂ ಸಣ್ಣ ಜಾಗದಲ್ಲಿ ಆಳದ ಮಡುವಾಗಿ ಬೇರು ಉಸಿರುಗಟ್ಟುತ್ತದೆ, ತಲೆ ಮತ್ತು ಕೊನೆ ಎರಡೂ ಅತಿಯಾಗಿ ನೆನೆದು ನಡುಭಾಗ ಒಣಗುತ್ತದೆ. ಶೇ. 0.1ರ ಆಸುಪಾಸಿನಲ್ಲಿ ಬದು ಒಳ್ಳೆಯ ಉಪಾಯ, ನೀರನ್ನು ಮಾತ್ರ ಇನ್ನೂ ಬೇಗ ನಿಲ್ಲಿಸಬೇಕು. ಹೆಚ್ಚಿನ ಇಳಿಜಾರಿಗೆ ಕೊನೆ ತೆರೆದಿಟ್ಟು, ಹೊರಬಂದ ನೀರನ್ನು ಗುಂಡಿಯಲ್ಲಿ ಹಿಡಿದು ಮತ್ತೆ ಬಳಸುವುದು ಲೇಸು. ಮಳೆಗಾಲಕ್ಕೆ ಮೊದಲು ಬದು ಬಿಡಿಸುವುದು ಮರೆಯಬೇಡಿ.

ಪಕ್ಕಪಕ್ಕದ ಸಾಲುಗಳಲ್ಲೇ ಒಂದು ಬೇಗ ಮುಟ್ಟುತ್ತೆ, ಇನ್ನೊಂದು ಅರ್ಧಕ್ಕೇ ನಿಲ್ಲುತ್ತೆ. ಯಾಕೆ?

ಮೊದಲು ಟ್ರಾಕ್ಟರ್ ಚಕ್ರದ ಜಾಡು ಹುಡುಕಿ. ಚಕ್ರ ಹಾದ ಸಾಲಿನ ತಳ ಗಟ್ಟಿಯಾಗಿ ನೀರು ಕಡಿಮೆ ಇಂಗುತ್ತದೆ, ಬೇಗ ಓಡುತ್ತದೆ. ಚಕ್ರ ಹಾಯದ ಸಾಲು ಸ್ಪಂಜಿನಂತೆ ಕುಡಿಯುತ್ತದೆ. ಜಾಡಿನ ಸಾಲಿಗೆ ಹರಿವು ಕಡಿಮೆ, ಮೆತ್ತನೆ ಸಾಲಿಗೆ ಹೆಚ್ಚು ಕೊಡಿ.

ಜಾಡು ಕಾರಣವಲ್ಲದಿದ್ದರೆ ಹರಿವೇ ಅಸಮವಾಗಿರಬೇಕು. ಕಾಲುವೆಯಿಂದ ಬಾಗಿದ ಪೈಪಿನಲ್ಲಿ ನೀರು ಎಳೆಯುವಾಗ ಪ್ರತಿ ಪೈಪಿನ ಹರಿವು ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವನ್ನು ಅವಲಂಬಿಸಿದೆ. ಒಂದು ಪೈಪಿಗೆ ಆ ವ್ಯತ್ಯಾಸ 10 ಸೆಂ.ಮೀ., ಇನ್ನೊಂದಕ್ಕೆ 8 ಇದ್ದರೆ ಎರಡನೆಯದರ ಹರಿವು ಸುಮಾರು ಶೇ. 11 ಕಡಿಮೆ. ಕಾಲುವೆಗೆ ಅಡ್ಡಗಟ್ಟೆ ಹಾಕಿ ಮಟ್ಟ ಏರಿಸಿ, ಪೈಪುಗಳ ಹೊರಬಾಯಿ ಒಂದೇ ಎತ್ತರದಲ್ಲಿರುವಂತೆ ಇಡಿ.

ಬಿತ್ತನೆಯ ನಂತರದ ಮೊದಲ ನೀರು ಯಾವಾಗಲೂ ಹದಗೆಡುತ್ತೆ. ಯಾಕೆ?

ಉತ್ತ ಮಣ್ಣು ಸಡಿಲ, ಅದರ ಹೀರುವ ಶಕ್ತಿ ಆಗ ಅತಿ ಹೆಚ್ಚು. ಬೇರು ಚಿಕ್ಕದಿರುವುದರಿಂದ ಬೇಕಾದ ನೀರು ಅತಿ ಕಡಿಮೆ. ಈ ಎರಡೂ ಒಟ್ಟಿಗೆ ಬರುವುದರಿಂದ ಮೊದಲ ಸರದಿಯ ಪೋಲು ಉಳಿದೆಲ್ಲದಕ್ಕಿಂತ ದೊಡ್ಡದು. ಆ ಒಂದು ಸರದಿಗೆ ಒಮ್ಮೆಗೆ ಬಿಡುವ ಸಾಲುಗಳನ್ನು ಕಡಿಮೆ ಮಾಡಿ, ಅಥವಾ ಸಾಲು ಬಿಟ್ಟು ಸಾಲಿಗೆ ನೀರು ಕೊಡಿ. ಎರಡು ಮೂರು ಸರದಿ ಕಳೆದ ಮೇಲೆ ಅದೇ ಹರಿವು ಎಷ್ಟೋ ಬೇಗ ಕೊನೆ ಮುಟ್ಟುತ್ತದೆ. ಆಗ ಹಳೆಯ ಸಮಯವನ್ನೇ ಹಿಡಿದುಕೊಂಡರೆ ಹೊರಹರಿವು ಹೆಚ್ಚುತ್ತದೆ.

ಪಟ್ಟಿಯಲ್ಲಿ ನೀರು ಒಂದೇ ಮಗ್ಗುಲು ಹಿಡಿದು ಹೋಗುತ್ತಿದೆ.

ಅಡ್ಡ ಇಳಿಜಾರು. ಪಟ್ಟಿಯಲ್ಲಿ ಹರಿಯುವ ನೀರಿನ ಆಳ ಕೆಲವೇ ಸೆಂಟಿಮೀಟರ್, ಹಾಗಾಗಿ ಅಡ್ಡಕ್ಕೆ 5 ಸೆಂ.ಮೀ. ವ್ಯತ್ಯಾಸವಿದ್ದರೂ ಎತ್ತರದ ಮಗ್ಗುಲು ಒಣಗಿಯೇ ಉಳಿಯಬಹುದು. ಪಟ್ಟಿಯನ್ನು ಕಿರಿದು ಮಾಡುವುದು ಅಗ್ಗದ ಪರಿಹಾರ, ಹಲಗೆ ಹೊಡೆದು ಅಡ್ಡ ಮಟ್ಟ ಸರಿಮಾಡುವುದು ಗಟ್ಟಿ ಪರಿಹಾರ.

## ಇನ್ನೂ ಆಳಕ್ಕೆ

ಲೇಸರ್ ಲೆವೆಲಿಂಗ್ ಮಾಡಿಸಿದರೆ ಎಲ್ಲಾ ಸರಿಹೋಗುತ್ತಾ?

ಉಬ್ಬು ತಗ್ಗು ಹೋಗುತ್ತದೆ. ಟ್ರಾನ್ಸ್‌ಮಿಟರ್ ಕಿರಣ ಬೀಸುತ್ತದೆ, ಟ್ರಾಕ್ಟರ್ ಹಿಂದೆ ಮಣ್ಣು ಕೆರೆಯುವ ಬಕೆಟ್ ಮೇಲಿನ ರಿಸೀವರ್ ಅದನ್ನು ಹಿಡಿಯುತ್ತದೆ, ಕಂಟ್ರೋಲ್ ಬಾಕ್ಸ್ ಹೈಡ್ರಾಲಿಕ್ ಮೂಲಕ ಬಕೆಟ್ಟನ್ನು ಏರಿಸಿ ಇಳಿಸುತ್ತದೆ. ಚೆನ್ನಾಗಿ ಮಾಡಿದರೆ ನೆಲ ಒಂದೆರಡು ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ. ಶೂನ್ಯ ಇಳಿಜಾರೇ ಬೇಕೆಂದಿಲ್ಲ, ಬೇಕಾದ ಇಳಿಜಾರನ್ನು ಯಂತ್ರಕ್ಕೆ ಹೊಂದಿಸಬಹುದು. ಇದನ್ನು ಮೊದಲೇ ಹೇಳದಿದ್ದರೆ ಸಮತಟ್ಟು ಮಾಡಿಕೊಟ್ಟು ಹೋಗುವ ಸಾಧ್ಯತೆಯಿದೆ.

ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ಮಣ್ಣು ಎಂದರೆ ಸುಮಾರು 40 ಘನ ಮೀಟರ್. ಹೆಚ್ಚು ಕಡಿದ ಜಾಗದಲ್ಲಿ ಕೆಳಮಣ್ಣು ಮೇಲೆ ಬಂದು ಒಂದೆರಡು ಬೆಳೆ ಸೊರಗುತ್ತದೆ, ಅಲ್ಲಿಗೆ ಕೊಟ್ಟಿಗೆ ಗೊಬ್ಬರ ಹೆಚ್ಚು ಕೊಡಿ. ತುಂಬಿಸಿದ ಜಾಗ ನೀರು ಕುಡಿದು ಕುಸಿಯುತ್ತದೆ, ಮುಂದಿನ ಹಂಗಾಮಿಗೆ ಮತ್ತೊಮ್ಮೆ ತಿದ್ದಬೇಕು. ಹರಿವು ಮತ್ತು ನಿಲ್ಲಿಸುವ ಸಮಯ ತಪ್ಪಾಗಿಯೇ ಉಳಿದರೆ ಲೆವೆಲಿಂಗ್ ಖರ್ಚು ಪೂರ್ತಿ ಫಲ ಕೊಡದು.

ಬಿಟ್ಟು ಬಿಟ್ಟು ನೀರು ಹರಿಸಿದರೆ ಬೇಗ ಕೊನೆ ಮುಟ್ಟುತ್ತೆ ಅಂತಾರೆ. ನಿಜವಾ?

ಬಹಳ ಮಣ್ಣುಗಳಲ್ಲಿ ನಿಜ. ಅಮೆರಿಕದ ಯೂಟಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 1979ರ ಹೊತ್ತಿಗೆ ರೂಪುಗೊಂಡ ಈ ಪದ್ಧತಿಗೆ ಸರ್ಜ್ ನೀರಾವರಿ ಎನ್ನುತ್ತಾರೆ. ಸಾಲುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಟ್ಟಾಗ ಇನ್ನೊಂದಕ್ಕೆ ನಿಲ್ಲಿಸುತ್ತ, ಅದಲು ಬದಲು ಮಾಡುವುದು. ನೀರು ನಿಂತ ಬಿಡುವಿನಲ್ಲಿ ನೆನೆದ ಮೇಲ್ಮಣ್ಣು ಕುಸಿದು ಬಿಗಿಯಾಗುತ್ತದೆ, ಸಣ್ಣ ಕಣಗಳು ರಂಧ್ರಗಳಲ್ಲಿ ಕೂರುತ್ತವೆ. ಮುಂದಿನ ಸಲ ಬಂದ ನೀರು ಆ ಭಾಗದ ಮೇಲೆ ಜಾರಿ ಬೇಗ ಮುಂದೆ ಹೋಗುತ್ತದೆ.

ಕೈಯಲ್ಲೇ ಮಾಡುವುದಾದರೆ ಪ್ರತಿ ಸಲ ಸಾಲಿನ ಕಾಲು ಭಾಗದಷ್ಟು ಹೊಸ ನೆಲ ನೆನೆಯುವಂತೆ ಬಿಡಿ. ಸಾಲಿನಲ್ಲಿ ನಿಂತ ನೀರು ಪೂರ್ತಿ ಇಂಗುವ ಮೊದಲು ಮತ್ತೆ ಬಿಟ್ಟರೆ ಪ್ರಯೋಜನವಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಗೋಡು ಮಣ್ಣು, ಆಗಷ್ಟೇ ಉತ್ತ ನೆಲಕ್ಕೆ ಇದು ಚೆನ್ನ. ಬಿರುಕು ಬಿಡುವ ಎರೆ ಮಣ್ಣಿನಲ್ಲಿ ಲಾಭ ಕಡಿಮೆ: ಅಲ್ಲಿ ಬಿರುಕು ತುಂಬುವವರೆಗೆ ನೀರು ಹೋಗುತ್ತದೆ, ಬಿರುಕು ಮುಚ್ಚಿದ ಮೇಲೆ ಇಂಗುವುದು ತಾನಾಗಿಯೇ ತೀರ ನಿಧಾನವಾಗುತ್ತದೆ.

ಸಮಾನತೆ 90 ಬಂತು. ಆದರೂ ಬೆಳೆ ಬಾಡುತ್ತಿದೆಯಲ್ಲ?

ಎಲ್ಲ ಕಡೆ ಸಮನಾಗಿ ಕಡಿಮೆ ಕೊಟ್ಟಿರುತ್ತೀರಿ. ಸಮಾನತೆ ಹರಡಿಕೆಯನ್ನಷ್ಟೇ ಹೇಳುತ್ತದೆ, ಸಾಕಾಯಿತೇ ಎಂಬುದನ್ನಲ್ಲ. ಬಿಟ್ಟ ನೀರಿನಲ್ಲಿ ಬೇರಿನ ಆಳದಲ್ಲಿ ಉಳಿದದ್ದೆಷ್ಟು ಎಂಬ ದಕ್ಷತೆಯನ್ನೂ, ಬೇಕಾದ ಆಳ ತುಂಬಿತೇ ಎಂಬುದನ್ನೂ ಸರಳು ಚುಚ್ಚಿ ಬೇರೆಯಾಗಿ ನೋಡಬೇಕು.

ಇಂಗುವ ವೇಗವನ್ನು ಇಡೀ ಸಾಲಿನಿಂದಲೇ ಲೆಕ್ಕ ಹಾಕಲು ಬರುತ್ತಾ?

ಬರುತ್ತದೆ. ಎರಡು ಬಿಂದುಗಳ ವಿಧಾನದಲ್ಲಿ ನೀರು ಸಾಲಿನ ಅರ್ಧ ಮತ್ತು ಕೊನೆ ಮುಟ್ಟಿದ ಎರಡು ಸಮಯಗಳಷ್ಟೇ ಆಧಾರ. ಅರ್ಧಕ್ಕೆ 20 ನಿಮಿಷ, ಕೊನೆಗೆ 60 ನಿಮಿಷ ಆಯಿತೆನ್ನಿ. ಸಮಯಗಳ ಅನುಪಾತ 3. 2ರ ಲಾಗರಿದಮ್ ಅನ್ನು 3ರ ಲಾಗರಿದಮ್‌ನಿಂದ ಭಾಗಿಸಿದರೆ 0.63. ಈ ಅಂಕಿ 1ಕ್ಕೆ ಹತ್ತಿರವಿದ್ದಷ್ಟೂ ನೀರು ಒಂದೇ ವೇಗದಲ್ಲಿ ಸಾಗುತ್ತಿದೆ, ಕಡಿಮೆಯಾದಷ್ಟೂ ದಾರಿಯಲ್ಲೇ ಇಂಗಿ ಸೊರಗುತ್ತಿದೆ. ಅದಕ್ಕೆ ಹರಿವಿನ ಅಳತೆ, ಸಾಲಿನಲ್ಲಿ ನಿಂತ ನೀರಿನ ಅಡ್ಡಕೊಯ್ತ ಸೇರಿಸಿದರೆ ಬಿಟ್ಟ ನೀರು, ಮೇಲೆ ನಿಂತ ನೀರು, ಇಂಗಿದ ನೀರು ಇವುಗಳ ಜಮಾಖರ್ಚಿನಿಂದ ಮಣ್ಣಿನ ಇಂಗುವ ಗುಣ ಸಿಗುತ್ತದೆ. ವಿನ್‌ಎಸ್‌ಆರ್‌ಎಫ್‌ಆರ್, ಸರ್ಮಾಡ್‌ನಂಥ ಕಂಪ್ಯೂಟರ್ ಪ್ರೋಗ್ರಾಂಗಳು ಈ ಗುಣವನ್ನು ಹಿಡಿದುಕೊಂಡು ಬೇರೆ ಬೇರೆ ಹರಿವು, ಉದ್ದ, ನಿಲ್ಲಿಸುವ ಸಮಯಗಳನ್ನು ಹೊಲಕ್ಕಿಳಿಯುವ ಮೊದಲೇ ಹೋಲಿಸಿ ತೋರಿಸುತ್ತವೆ. ಒಂದೇ ಸಾಲಿನ ಅಳತೆ ಕೊಟ್ಟರೆ ಒಂದೇ ಸಾಲಿನ ಉತ್ತರ ಬರುತ್ತದೆ. ಜಾಡಿನ ಸಾಲು, ಮೆತ್ತನೆ ಸಾಲು ಎರಡನ್ನೂ ಅಳೆಯಿರಿ.

ಯೂರಿಯಾವನ್ನು ನೀರಿನ ಜೊತೆಗೇ ಬಿಡಬಹುದಾ?

ಸಮಾನತೆ 80ಕ್ಕಿಂತ ಕಡಿಮೆ ಇರುವ ಹೊಲದಲ್ಲಿ ಬೇಡ. ಯೂರಿಯಾ ನೀರಿನಲ್ಲಿ ಪೂರ್ತಿ ಕರಗುತ್ತದೆ, ನೀರು ಹೇಗೆ ಹಂಚಿಹೋಗುತ್ತದೋ ಗೊಬ್ಬರವೂ ಹಾಗೆಯೇ ಹಂಚಿಹೋಗುತ್ತದೆ. ತಲೆಭಾಗದಲ್ಲಿ ಬೇರಿನ ಕೆಳಗೆ ಇಳಿಯುವ ನೀರಿನ ಜೊತೆ ಅದೂ ಇಳಿಯುತ್ತದೆ. ಕೊನೆ ತೆರೆದ ಸಾಲಿನಲ್ಲಿ ಹೊರಹರಿವಿನ ಜೊತೆ ಹೊರಗೂ ಹೋಗುತ್ತದೆ. ಅಂಥ ಹೊಲದಲ್ಲಿ ಗೊಬ್ಬರವನ್ನು ಬೋದಿನ ಮಗ್ಗುಲಿಗೆ ಮಣ್ಣಿನೊಳಗೆ ಇಟ್ಟು, ಆಮೇಲೆ ಹಗುರವಾಗಿ ನೀರು ಕೊಡಿ.